ಹೊಳೆಮಣ್ಣೂರ ಬಸ್ಸು

ಕಾರ್ನರ್ ಹೊಡೆಯಲು ಯಮನೂರ ಚೆಂಡನ್ನು ಮೂಲೆಗಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ. ಇನ್ನೇನು ಓಡಿಬಂದು ಒದೆಯಬೇಕು, ಅಷ್ಟರಲ್ಲಿ ಕಾಲೇಜಿನ ಕಂಪೌಂಡಿನಾಚೆ ಹೊಳೆಮಣ್ಣೂರ ಬಸ್ಸಿನ ಹಾರ್ನು ಕೇಳಿಸಿತು. ಓಡುವುದೇನೋ ಓಡಿದ, ಚೆಂಡಿನ ಕಡೆಗಲ್ಲ, ರಸ್ತೆಯ ಕಡೆಗೆ. ಅವನ ಬೆನ್ನಿಗೆ ಅರ್ಧ ಟೀಮೇ ಓಡಿತು. ಬೇವಿನ ಗಿಡದ ಬುಡದಲ್ಲಿದ್ದ ಚೀಲಗಳನ್ನು ಓಡುತ್ತಲೇ ಬಾಚಿಕೊಂಡು, ಬೂಟಿಗೆ ಹತ್ತಿದ ಎರೆಮಣ್ಣಿನ ಸಮೇತ ಬಸ್ಸು ಹತ್ತಿದರು.

"ನಾಳೆ ಹೊಡೀತೇನ್ರೀ ಸರ," ಎಂದು ಬಾಗಿಲಲ್ಲಿ ಜೋತುಬಿದ್ದೇ ಕೂಗಿದ ಯಮನೂರ.

ಹೊಸ ಕೋಚ್ ಇಸ್ಮಾಯಿಲಸಾಬ ಸೀಟಿ ಕಚ್ಚಿಕೊಂಡು ನಿಂತೇ ಇದ್ದ. ಗೋಲಿನಲ್ಲಿ ಆಫ್ತಾಬ ಒಬ್ಬ ಉಳಿದಿದ್ದ. ಅವನ ಮನೆ ರೋಣದಲ್ಲೇ, ಬಜಾರದ ಹಿಂದೆ.

"ನೀ ಒಬ್ಬಾವರ ನಿಂತೆಲ್ಲೊ ಮಾರಾಯ."

"ನನಗ ಓಡಾಕ ಬರೂದಿಲ್ಲಂತನ ಗೋಲಿಗೆ ನಿಂದ್ರಿಸ್ಯಾರಲ್ರೀ ಸರ."

ಇಸ್ಮಾಯಿಲಸಾಬ ನಕ್ಕ. ನಕ್ಕಾದ ಮೇಲೆ ಸಂಜೆ ಇನ್ನೂ ಬಹಳ ಉಳಿದಿತ್ತು.

ಹುಬ್ಬಳ್ಳಿಯಲ್ಲಿ ಪ್ರಾಯದ ಕಾಲವನ್ನೆಲ್ಲ ಫುಟ್‌ಬಾಲಿಗೆ ಸುರಿದವನು ಅವನು. ಆಟ ಮುಗಿಸಿ ಬರುವಾಗ ಓಣಿಯ ತುದಿಯಲ್ಲಿ ಸೈಕಲ್ಲಿನ ಗಂಟೆ ಬಾರಿಸಿದರೆ ಸಾಕು, ಮನೆಯೊಳಗೆ ಹೆಂಡತಿ ಖಾಜಾಬಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಗಂಟೆ ಯಾರಿಗೆ ಬಾರಿಸುವುದು? ರೋಣದ ಕಾಲೇಜಿನಿಂದ ಕರೆ ಬಂದಾಗ ಒಂದು ಸೂಟ್‌ಕೇಸು ಹಿಡಿದು ಬಂದೇಬಿಟ್ಟ. ಇಲ್ಲಿ ಒಂದು ಬಾಡಿಗೆ ಖೋಲಿ, ಊಟಕ್ಕೆ ಖಾನಾವಳಿ. ಸಂಜೆಯಾದ ಮೇಲೆ ಮಾತು ಬೇಕೆನಿಸಿದರೆ ಇನ್ನೊಂದು ರೊಟ್ಟಿ ಕೇಳಬೇಕು, ಅಷ್ಟೇ. ಹಾಗಾಗಿ ಹುಡುಗರು ಮೈದಾನದಲ್ಲಿರುವಷ್ಟು ಹೊತ್ತೇ ಅವನ ದಿನ. ಆ ದಿನವನ್ನು ಬಸ್ಸು ಬಂದು ಮುಗಿಸುತ್ತಿತ್ತು.

ಒಮ್ಮೆ ಬಸ್‌ಸ್ಟ್ಯಾಂಡಿಗೇ ಹೋಗಿ ಡ್ರೈವರ್ ಗವಿಸಿದ್ದಪ್ಪನನ್ನು ಕೇಳಿದ. "ಒಂದರ್ಧ ತಾಸು ತಡಾ ಮಾಡಿ ಬಿಡ್ರಲಾ. ಹುಡುಗ್ರು ಒಂದಿನಾನೂ ಪೂರಾ ಆಟ ಆಡಿಲ್ಲ."

ಗವಿಸಿದ್ದಪ್ಪ ಎಲೆಗೆ ಸುಣ್ಣ ಸವರುತ್ತ ಹೇಳಿದ, "ಮಾಸ್ತರ, ಬಸ್ಸು ನನ್ನ ಮಾತು ಕೇಳತೈತಿ ಖರೇ. ಒಳಗ ಕುಂತ ಮುದುಕ್ಯಾರು ಕೇಳಂಗಿಲ್ರಿ. ಬೇಕಾದ್ರ ಹಾರ್ನ್ ಒಂದೀಟ ಮೆಲ್ಲಕ ಹೊಡೀತೇನಿ."

ಅರ್ಧಂಬರ್ಧ ಆಡಿಯೂ ಆ ವರ್ಷ ಟೀಮು ಗೆಲ್ಲತೊಡಗಿತು. ಗಜೇಂದ್ರಗಡದವರನ್ನು ಅವರ ಮೈದಾನದಲ್ಲೇ ಸೋಲಿಸಿದರು. ನರಗುಂದದವರ ಜೊತೆ ಸಮ ಮಾಡಿಕೊಂಡರು. ಕಾಲೇಜು ಹುಟ್ಟಿದಾಗಿನಿಂದ ಮೊದಲ ಸಲ ಗದಗಿನ ಸೆಮಿಫೈನಲ್ಲಿಗೆ ಹೊರಟರು. ಹೊರಡುವ ಹಿಂದಿನ ದಿನ ಯಮನೂರ ತಲೆ ಕೆರೆಯುತ್ತ ಬಂದು ನಿಂತ.

"ಸರ, ಒಮ್ಮೆ ನಮ್ಮೂರಿಗೆ ಬರ್ರಿ. ಅವ್ವ ನಿಮ್ಮನ್ನ ನೋಡಬೇಕಂತಾಳ."

"ಯಾಕೊ?"

"ನನ್ನ ಬೂಟಿನ ಮಣ್ಣು ತೊಳದು ತೊಳದು ಸಾಕಾಗೈತ್ರಿ ಆಕಿಗೆ. ಇದನ್ನ ಕಲಿಸಿದಾವ ಯಾರು ತೋರಸು ಅಂತಾಳ."

"ಆಟ ಎಲ್ಲಾ ಮುಗೀಲಿ, ನೋಡೋಣು," ಎಂದ ಇಸ್ಮಾಯಿಲಸಾಬ. ಹೂಂ ಅನ್ನಬಹುದಿತ್ತೆಂದು ಖಾನಾವಳಿಯಲ್ಲಿ ಕೂತಾಗ ಅನ್ನಿಸಿತು.

ಗದಗಿನ ಮೈದಾನಕ್ಕೆ ರಸ್ತೆ ಅಂಟಿಕೊಂಡೇ ಇತ್ತು. ಎರಡೂ ಕಡೆ ಒಂದೊಂದು ಗೋಲು, ಆಟ ಮುಗಿಯಲು ಬಂದಿತ್ತು. ಎದುರಾಳಿ ಹುಡುಗ ಚೆಂಡು ತಳ್ಳಿಕೊಂಡು ನುಗ್ಗಿದ. ಅಡ್ಡ ಇದ್ದವನು ಯಮನೂರ ಒಬ್ಬನೇ. ಆಗ ರಸ್ತೆಯಲ್ಲಿ ಯಾವುದೋ ಬಸ್ಸು ಹಾರ್ನು ಹೊಡೆಯಿತು. ಯಮನೂರನ ಕತ್ತು ಅತ್ತ ಹೊರಳಿತು. ಕತ್ತಿನ ಹಿಂದೆ ಕಾಲೂ ಒಂದು ಹೆಜ್ಜೆ ಅತ್ತಲೇ ಇಟ್ಟಿತು. ಅಷ್ಟು ಸಾಕಾಯಿತು. ಆಫ್ತಾಬ ಬಲಕ್ಕೆ ಬಿದ್ದ, ಚೆಂಡು ಎಡಕ್ಕೆ ಹೋಯಿತು.

ವಾಪಸು ಬರುವಾಗ ಟೆಂಪೋದಲ್ಲಿ ಇಸ್ಮಾಯಿಲಸಾಬ ಎಲ್ಲರಿಗೂ ಕೇಳುವಂತೆ ಹೇಳಿದ. "ಮನೀಗೆ ಹೋಗೂ ಅವಸರ ಇದ್ದವ್ರು ಗ್ರೌಂಡಿಗೆ ಬರಬ್ಯಾಡ್ರಿ. ಬಸ್‌ಸ್ಟ್ಯಾಂಡಿನ್ಯಾಗ ಕುಂದರ್ರಿ."

ಯಮನೂರ ಬಗ್ಗಿ ಬೂಟು ಬಿಚ್ಚಿದ. ಲೇಸುಗಳನ್ನು ಗಂಟು ಹಾಕಿ, ಕೋಚ್ ಕೂತ ಸೀಟಿನ ಕೆಳಗೆ ಸರಿಸಿಟ್ಟು, ಬರಿಗಾಲಲ್ಲಿ ಇಳಿದು ಹೋದ.

ಮೂರನೇ ಸ್ಥಾನದ ಪಂದ್ಯ ಇನ್ನೂ ಬಾಕಿ ಇತ್ತು. ಆದರೆ ಮರುದಿನ ಯಮನೂರ ಬರಲಿಲ್ಲ. ಆ ಬಸ್ಸಿನ ಹುಡುಗರು ಯಾರೂ ಬರಲಿಲ್ಲ. ಮಿಕ್ಕವರು ಬಂದರೂ ಟೀಮಾಗದೆ, ಒಬ್ಬರ ಮುಖ ಒಬ್ಬರು ನೋಡಿ ಬೇಗ ಚದುರಿದರು. ಆ ವಾರ ಮುಗಿಯುವ ಹೊತ್ತಿಗೆ ಮೈದಾನಕ್ಕೆ ಬರುವವನು ಆಫ್ತಾಬ ಒಬ್ಬನೇ ಆಗಿದ್ದ. ಇಸ್ಮಾಯಿಲಸಾಬ ಒದೆಯುವುದು, ಅವನು ಹಿಡಿಯುವುದು. ಹಿಡಿದ ಚೆಂಡನ್ನು ಅವನೊಂದು ಸಂಜೆ ತಿರುಗಿ ಎಸೆಯಲಿಲ್ಲ.

"ಸರ, ಒಂದು ಮಾತು ಹೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ ಮತ್ತ."

"ಹೇಳು."

"ಹ್ವಾದ ವರ್ಷ ಹೊಳಿ ಬಂತಲ್ರಿ, ಆವತ್ತು ಯಮನೂರ ಇಲ್ಲೇ ಆಡ್ಕೋಂತ ನಿಂತು ಬಸ್ ಬಿಟ್ಟಿದ್ದ. ಮರುದಿನ ಹಾದಿನ ಬಂದ್ ಆತ್ರಿ. ಅವರೂರಾಗ ಮೊಬೈಲ್ ಇದ್ದದ್ದ ಒಬ್ಬರ ಕಡೆ, ಅದೂ ಹತ್ತಲಿಲ್ಲ. ಅವ್ವ ಅದಾಳೋ ಇಲ್ಲೋ ಗೊತ್ತಿಲ್ಲ. ನಮ್ಮನ್ಯಾಗ ಇದ್ದ, ಉಣ್ಣಂದ್ರ ಉಣಲಿಲ್ಲ. ದಿನಾ ಸಂಜಿಕೆ ಆ ಕಂಪೌಂಡಿಗೆ ಬಂದು ನಿಂದರಾಂವ, ಬಸ್ ಬರತೈತೇನಂತ. ಕಡೀಕೊಂದಿನ ಹಾರ್ನ್ ಕೇಳಿಸ್ತು ನೋಡ್ರಿ, ಕುಂತು ಅತ್ತುಬಿಟ್ಟ."

ಇಸ್ಮಾಯಿಲಸಾಬ ಬೇವಿನ ಗಿಡದ ಕಡೆ ನೋಡಿದ. "ನನಗ ಯಾರೂ ಹೇಳಲಿಲ್ಲಲ್ಲೊ."

"ನೀವು ಕೇಳೂದೆಲ್ಲಾ ಆಟದ್ದ ಇರತಿತ್ರಿ ಸರ," ಎಂದ ಆಫ್ತಾಬ, ತಪ್ಪು ತನ್ನದೇ ಎನ್ನುವ ಹಾಗೆ. ಆಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸಿ, ಸಲಾಂ ಹೇಳಿ ಮನೆಗೆ ಹೋದ.

ಹೊತ್ತು ಮುಳುಗುತ್ತಿತ್ತು. ಬೇವಿನ ಗಿಡದ ಕೊಂಬೆಗೆ ಯಮನೂರನ ಬೂಟುಗಳು ಅವನು ಹಾಕಿದ ಗಂಟಿನಲ್ಲೇ ಜೋತುಬಿದ್ದಿದ್ದವು. ಹುಡುಗ ಬಂದರೆ ಕಣ್ಣಿಗೆ ಬೀಳಲೆಂದು ಇಸ್ಮಾಯಿಲಸಾಬ ದಿನವೂ ಅವನ್ನು ತಂದು ತೂಗುಹಾಕುತ್ತಿದ್ದ. ದಿನವೂ ಖೋಲಿಗೆ ಒಯ್ಯುತ್ತಿದ್ದ. ಈಗಲೂ ಇಳಿಸಿ ಹೆಗಲಿಗೆ ಹಾಕಿಕೊಂಡ. ಆದರೆ ಖೋಲಿಯ ಕಡೆ ಕಾಲು ಏಳಲಿಲ್ಲ. ಚೆಂಡನ್ನು ಮೂಲೆಗೆ ಒಯ್ದಿಟ್ಟ. ಆವತ್ತು ಉಳಿದುಹೋದ ಕಾರ್ನರ್ ತಾನೇ ಹೊಡೆದರಾಯಿತೆಂದು ನಾಲ್ಕು ಹೆಜ್ಜೆ ಹಿಂದೆ ಸರಿದ. ಖಾಲಿ ಗೋಲು ಕಂಬಗಳ ನಡುವೆ ಆಕಾಶ ಕೆಂಪಗಾಗಿತ್ತು.

ಕಂಪೌಂಡಿನಾಚೆ ಹಾರ್ನು ಕೇಳಿಸಿತು.

ಯೋಚನೆ ಮಾಡಿ ಓಡಿದ್ದಲ್ಲ. ಓಡುತ್ತಿದ್ದೇನೆಂದು ಗೊತ್ತಾಗುವಷ್ಟರಲ್ಲಿ ಗೇಟು ದಾಟಿದ್ದ. ಬೂಟುಗಳು ಎದೆಗೊಮ್ಮೆ ಬೆನ್ನಿಗೊಮ್ಮೆ ಬಡಿಯುತ್ತಿದ್ದವು. ಬಸ್ಸು ಮುಂದೆ ಹೋಗಿ, ನಿಂತಿತು. ಗವಿಸಿದ್ದಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಮಾಸ್ತರ, ಇದು ವಸ್ತಿ ಬಸ್ಸು. ಇವತ್ತ ತಿರುಗಿ ಬರಂಗಿಲ್ರಿ."

"ಗೊತ್ತೈತಿ," ಎಂದ ಇಸ್ಮಾಯಿಲಸಾಬ ಏದುಸಿರು ಬಿಡುತ್ತ.

ಬಾಗಿಲ ಹತ್ತಿರ ಕೂತಿದ್ದ ಮುದುಕಿಯೊಬ್ಬಳು ಮಜ್ಜಿಗೆಯ ತಂಬಿಗೆಯನ್ನು ಮಡಿಲಿಗೆ ಎಳೆದುಕೊಂಡು ಜಾಗ ಕೊಟ್ಟಳು. ಹೆಗಲ ಮೇಲಿನ ಬೂಟುಗಳನ್ನು ನೋಡಿ, "ಯಾರ ಮನೀಗೆ ಹೊಂಟೀಯೊ ಯಪ್ಪಾ?" ಎಂದು ಕೇಳಿದಳು.

ಬಸ್ಸು ಹೊರಟಿತು. ಮೈದಾನದ ಮೂಲೆಯಲ್ಲಿ ಚೆಂಡು, ಇಟ್ಟಲ್ಲೇ ಇತ್ತು.