ಕೂಗುವ ಮುಂಚೆ ತೆಗೆದ ಬಾಗಿಲು

ಇದನ್ನು ಹೇಳಲು ಹೊರಟಿದ್ದೇ ಅಧಿಕಪ್ರಸಂಗ. ಕರೆಂಟಿನ ವಿಷಯ ಅರೆಬರೆ ತಿಳಿದವರು ಬಾಯಿ ಮುಚ್ಚಿಕೊಂಡಿರುವುದೇ ವಾಸಿ. ಎಲ್ಲಾದರೂ ತಪ್ಪಿದ್ದರೆ ಬಲ್ಲವರು ಮನ್ನಿಸಬೇಕು. ಆ ಮನೆಯಲ್ಲಿ ಆದದ್ದು ಇನ್ನೊಂದು ಮನೆಯಲ್ಲಿ ಆಗದಿರಲಿ ಎಂಬ ಭಯಕ್ಕೆ ಹೇಳುತ್ತಿದ್ದೇನೆ, ಅಷ್ಟೇ.

ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ಕೂರಿಸುವ ಕೈ. ಮನೆಯಲ್ಲಿ ಅವನು, ದಿನ ತುಂಬುತ್ತಿದ್ದ ಬಸುರಿ ಹೆಂಡತಿ, ಗೋದಾಮಿಗೆ ರಾತ್ರಿ ಕಾವಲು ಹೋಗುವ ಅಪ್ಪ. ಅಪ್ಪ ಬೆಳಗ್ಗೆ ಬಂದು ಮಲಗಿದರೆ ಮಧ್ಯಾಹ್ನದವರೆಗೆ ಮನೆ ಪಿಸುಮಾತಿನಲ್ಲೇ ನಡೆಯಬೇಕು. ಅಡುಗೆಮನೆಯ ಮೈಕ್ರೊವೇವ್‌ಗೆ ಮಾತ್ರ ಆ ಮರ್ಯಾದೆ ತಿಳಿಯದು. ಕೆಲಸ ಮುಗಿಯಿತೋ, ಕೀಕೀ ಎಂದು ಕೂಗುತ್ತದೆ.

“ರಾತ್ರಿಯೆಲ್ಲ ಗೋದಾಮು ಕಾಯ್ತೀನಿ. ಹಗಲು ಈ ಪೆಟ್ಟಿಗೇನೂ ಕಾಯ್ಬೇಕಾ?” ಎಂದು ಅಪ್ಪ ಗೊಣಗಿದ್ದೇ ಸಾಕಾಯಿತು. ಅಂದಿನಿಂದ ಅದು ಕೂಗುವ ಮುಂಚೆಯೇ ಬಾಗಿಲು ತೆಗೆಯುವುದು ಮನೆಯ ರೂಢಿ. ಸೊಸೆ ಅದರ ಮುಂದೆಯೇ ನಿಂತು, ಇಳಿಯುವ ಅಂಕಿಗಳನ್ನು ನೋಡುತ್ತ, ಇನ್ನೇನು ಎನ್ನುವಾಗ ಟಕ್ಕೆಂದು ತೆಗೆಯುತ್ತಿದ್ದಳು. ಓಡುತ್ತಿರುವ ಯಂತ್ರವನ್ನು ದಿನಾ ಹೀಗೆ ನಿಲ್ಲಿಸಿದರೆ ಬಾಗಿಲು ತೆಗೆದೊಡನೆ ಅದನ್ನು ನಿಲ್ಲಿಸುವ, ಬಾಗಿಲ ಪಕ್ಕದ ಸ್ವಿಚ್ಚುಗಳಲ್ಲಿ ಕಿಡಿ ಹಾರಿ ಹಾರಿ ಅವು ಸವೆಯುತ್ತವೆ ಎಂದು ಯಾರಿಗೆ ತಾನೇ ಹೊಳೆದೀತು?

ಒಂದು ಭಾನುವಾರ ಅವಳು ಬಾಗಿಲು ತೆಗೆದಳು, ಒಳಗೆ ಟಪ್ ಎಂದಿತು, ಯಂತ್ರ ಸತ್ತುಹೋಯಿತು.

“ಹೊಸದು ತರೋಣ ಬಿಡಿ,” ಎಂದಳು.

“ಫ್ಯೂಸ್ ಹೋಗಿರುತ್ತೆ ಕಣೆ. ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?”

ಅವನು ಪ್ಲಗ್ ಕಿತ್ತ, ಯಂತ್ರವನ್ನು ಮೇಜಿನ ಮೇಲಿಟ್ಟು ಮುಚ್ಚಳ ಬಿಚ್ಚಿದ. ಪ್ಲಗ್ ಕಿತ್ತರೂ ಒಳಗಿನ ಕೆಪಾಸಿಟರ್ ಎಂಬ ಡಬ್ಬಿಯಲ್ಲಿ ಕರೆಂಟು ಹೊಂಚು ಹಾಕಿ ಕೂತಿರುತ್ತದೆ, ಮುಟ್ಟಿದವನನ್ನು ಬಿಡುವುದಿಲ್ಲ ಎಂದು ಕೇಳಿದ್ದ. ಹೆಂಡತಿಯನ್ನು ಹೊರಗೆ ಕಳಿಸಿದ. ಅದನ್ನು ಖಾಲಿ ಮಾಡುವಾಗ ನೀಲಿ ಕಿಡಿ ಚಟ್ಟೆಂದಿತು, ಬೆವರು ಕಣ್ಣಿಗಿಳಿಯಿತು. ಆ ಒಂದು ಭಯವನ್ನು ದಾಟಿದ ಮೇಲೆ ಮನಸ್ಸು ಹಗುರಾಗಿಬಿಟ್ಟಿತು. ದೊಡ್ಡ ಹಾವು ಹೋಯಿತು, ಇನ್ನು ಹುಲ್ಲಿನಲ್ಲಿ ಧೈರ್ಯವಾಗಿ ಕಾಲಿಡಬಹುದು ಎನ್ನುವ ಹಾಗೆ.

ಬಾಗಿಲ ಪಕ್ಕದಲ್ಲಿ ಮೂರು ಸ್ವಿಚ್ಚುಗಳಿದ್ದವು. ಎರಡು ನೋಡಲು ಚೆನ್ನಾಗಿದ್ದವು. ಒಂದರ ಮೈ ಸುಟ್ಟು ಕಪ್ಪಾಗಿತ್ತು. ಅಂಗಡಿಗೆ ಹೋಗಿ ಅದೇ ತರಹದ್ದನ್ನು ತಂದು ಕೂರಿಸಿದ, ಹೊಸ ಫ್ಯೂಸ್ ಹಾಕಿದ. ನೀರು ಕಾಯಿತು. ಬಾಗಿಲು ತೆಗೆದ. ಟಪ್. ಫ್ಯೂಸ್ ಮತ್ತೆ ಹೋಯಿತು.

“ಹೊಸ ಸ್ವಿಚ್ಚೂ ಕೆಟ್ಟದ್ದೇ ಕೊಟ್ಟಿದ್ದಾನೆ,” ಎಂದು ಅಂಗಡಿಯವನನ್ನು ಬೈದ. ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು. ಬದಲಿ ತರುವವರೆಗೆ ಇರಲಿ ಎಂದು ಆ ಸ್ವಿಚ್ಚಿನ ತಂತಿ ಬಿಡಿಸಿ, ತುದಿಗೆ ಟೇಪ್ ಸುತ್ತಿದ. ಮತ್ತೊಂದು ಫ್ಯೂಸ್ ಹಾಕಿದ. ಈಗ ತೆಗೆದರೂ ಮುಚ್ಚಿದರೂ ಫ್ಯೂಸ್ ನಿಂತಿತು.

“ನಿಮ್ಮ ಮಗನ ಕೈಗುಣ ನೋಡಿ ಮಾವ,” ಎಂದು ಅವಳು ಸಂಜೆ ಕಾವಲಿಗೆ ಹೊರಟ ಮಾವನಿಗೆ ಹಾಲು ಬಿಸಿ ಮಾಡಿ ಕೊಟ್ಟಳು.

“ಅವನು ರಿಪೇರಿ ಮಾಡಿದ ರೇಡಿಯೋ ಇನ್ನೂ ಅಟ್ಟದ ಮೇಲಿದೆ. ಕೇಳ್ಕೊಂಡು ಬಾ,” ಎಂದರು ಅಪ್ಪ.

ಮೂವರೂ ನಕ್ಕರು. ಬದಲಿ ಸ್ವಿಚ್ ತರುವುದು ನಾಳೆ, ನಾಡಿದ್ದು ಎಂದು ಮುಂದಕ್ಕೆ ಹೋಯಿತು. ನಡೆಯುತ್ತಿರುವುದನ್ನು ಯಾರು ಕೆದಕುತ್ತಾರೆ?

ವಾರಗಳು ಕಳೆದವು. ಒಂದು ಬೆಳಗ್ಗೆ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಅವಳು ಅಡುಗೆಮನೆಯಿಂದ ಮೆಲ್ಲಗೆ ಹೇಳಿದಳು: “ನೀವು ರಿಪೇರಿ ಮಾಡಿದ ಮೇಲೆ ಒಂದು ಅನುಕೂಲ ಆಗಿದೆ ರೀ. ಕೆಲವು ಸಲ ಬಾಗಿಲು ತೆಗೆದರೂ ತಟ್ಟೆ ತಿರುಗ್ತಾನೇ ಇರುತ್ತೆ. ಅಲ್ಲೇ ಚಮಚ ಆಡಿಸಿಬಿಡ್ತೀನಿ.”

ಬೂಟಿನ ದಾರ ಅವನ ಕೈಯಲ್ಲೇ ಉಳಿಯಿತು.

“ತಿರುಗೋದು ಮಾತ್ರಾನಾ? ಗುಂಯ್ ಅನ್ನುತ್ತಾ?”

“ಅನ್ನುತ್ತೆ. ಕೈ ಬೆಚ್ಚಗಾಗುತ್ತೆ. ಯಾಕೆ?”

“ನಿಲ್ಲೋದು ಎಲ್ಲಿ ನೀನು?”

“ಇಲ್ಲೇ. ಸೊಂಟ ನೋಯುತ್ತಲ್ಲ, ಹೊಟ್ಟೆ ಕಟ್ಟೆಗೆ ಒರಗಿಸ್ಕೊಂಡು.”

ಅವಳು ತೋರಿಸಿದಳು. ಪೆಟ್ಟಿಗೆಯ ಬಾಗಿಲಿಗೂ ಅವಳ ಹೊಟ್ಟೆಗೂ ನಡುವೆ ಒಂದು ಗೇಣು.

ಆಗ ಅವನ ತಲೆಯಲ್ಲಿ ಒಂದೊಂದೇ ಕೂಡಿಕೊಂಡಿತು. ಫ್ಯೂಸ್ ಹೋಗುತ್ತಿದ್ದದ್ದು ಬಾಗಿಲು ತೆಗೆದಾಗ ಮಾತ್ರ. ಚೆನ್ನಾಗಿ ಕಂಡ ಆ ಎರಡು ಸ್ವಿಚ್ಚುಗಳೇ ಒಳಗೊಳಗೆ ಕರಗಿ ಅಂಟಿಕೊಳ್ಳುತ್ತಿದ್ದವು. ಬಾಗಿಲು ತೆರೆದರೂ ಯಂತ್ರವನ್ನು ನಿಲ್ಲಿಸುತ್ತಿರಲಿಲ್ಲ. ನೀರು ಕುದಿಸುವ ಕಣ್ಣಿಗೆ ಕಾಣದ ಅಲೆ ಹೊರಕ್ಕೆ, ಎದುರು ನಿಂತವರ ಮೈಮೇಲೇ ಚೆಲ್ಲುತ್ತಿತ್ತು. ಸುಟ್ಟು ಕಪ್ಪಾದದ್ದು ಕಾವಲಿಗಿದ್ದದ್ದು. ಅವೆರಡೂ ಕೈಕೊಟ್ಟರೆ ಫ್ಯೂಸನ್ನೇ ಸುಟ್ಟು ಯಂತ್ರವನ್ನು ಸಾಯಿಸುವುದು ಅದರ ಕೆಲಸ. ಹಳೆಯದೂ ಅದನ್ನೇ ಮಾಡಿತ್ತು, ಹೊಸದೂ ಅದನ್ನೇ ಮಾಡಿತ್ತು. ಕಳ್ಳ ಬಂದ ಎಂದು ಕೂಗಿದವನ ಬಾಯಿಗೆ ಬಟ್ಟೆ ತುರುಕಿ, ಮನೆ ನಿಶ್ಶಬ್ದವಾಯಿತು ಎಂದು ಇವನು ಹಿಗ್ಗಿದ್ದ.

ನಂಬಲಾಗದೆ, ಅವಳನ್ನು ಹೊರಗೆ ಕಳಿಸಿ, ಒಂದು ಲೋಟ ನೀರಿಟ್ಟು ಓಡಿಸಿದ. ಪಕ್ಕಕ್ಕೆ ಸರಿದು, ಪೊರಕೆಯ ಹಿಡಿಯಿಂದ ಬಾಗಿಲ ಗುಂಡಿ ಒತ್ತಿದ. ಬಾಗಿಲು ತೆರೆದುಕೊಂಡಿತು. ತಟ್ಟೆ ನಿಧಾನವಾಗಿ ತಿರುಗುತ್ತಲೇ ಇತ್ತು. ಒಂದು ಕಿಡಿಯಿಲ್ಲ, ಹೊಗೆಯಿಲ್ಲ, ವಾಸನೆಯಿಲ್ಲ. ಗುಂಯ್ ಎನ್ನುವ ಆ ಮೃದುವಾದ ಸದ್ದು ಮಾತ್ರ ಅವಳು ನಿಲ್ಲುವ ಜಾಗದ ಮೇಲೆ ಸುರಿಯುತ್ತಿತ್ತು. ಅವನು ಪ್ಲಗ್ಗನ್ನು ತಂತಿ ಹಿಡಿದೇ ಎಳೆದ.

“ಏನಾಯ್ತೋ?” ಎಂದು ಅಪ್ಪ ಹಾಸಿಗೆಯಿಂದ ಕೇಳಿದರು.

“ಏನಿಲ್ಲಪ್ಪ, ಮಲ್ಕೊ.”

ಆದರೆ ಹೆಂಡತಿ ಬಾಗಿಲಲ್ಲಿ ನಿಂತು ಅವನ ಮುಖ ನೋಡುತ್ತಿದ್ದಳು. ಅವಳ ಎರಡು ಕೈಗಳೂ ಹೊಟ್ಟೆಯ ಮೇಲೆ ಬಂದಿದ್ದವು. ಅವನು ಹೇಳಿದ. ಏನನ್ನೂ ಬಿಡದೆ, ಟೇಪ್ ಸುತ್ತಿದ್ದನ್ನೂ ಸೇರಿಸಿ ಹೇಳಿದ. ಅವಳು ಅಳಲಿಲ್ಲ. “ಆಸ್ಪತ್ರೆಗೆ ನಡೀರಿ,” ಎಂದಳು.

ಡಾಕ್ಟರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಪರೀಕ್ಷೆ ಮಾಡಿದರು. ಮಗುವಿನ ಎದೆಬಡಿತ ಕೋಣೆ ತುಂಬ ಕೇಳಿಸಿತು, ಕುದುರೆ ಓಡಿದ ಹಾಗೆ. “ಈಗ ಕಾಣೋದೆಲ್ಲ ಸರಿಯಾಗಿದೆ,” ಎಂದರು. “ಎಷ್ಟು ಸಲ, ಎಷ್ಟು ಹೊತ್ತು ನಿಂತಿದ್ದಿರಿ?”

ಅವಳು ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

ಆ ಪೆಟ್ಟಿಗೆ ಎಂದಿನಿಂದ ಬಾಗಿಲು ತೆರೆದೇ ಓಡುತ್ತಿತ್ತೋ, ಆ ಬಿಸಿ ಅವಳ ಕೈಗೇ ನಿಂತಿತೋ ಇನ್ನೂ ಒಳಕ್ಕೆ ಇಳಿದಿತ್ತೋ, ಡಾಕ್ಟರಮ್ಮ ಹೇಳಲಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ. ಹೆರಿಗೆಗೆ ಇನ್ನೂ ದಿನಗಳಿವೆ. ಮುಂದೇನಾಗುತ್ತದೋ ನನಗೂ ಗೊತ್ತಿಲ್ಲ.