ಪೆಕಾನ್ ಮರದಡಿಯ ತಿಂಡಿ

ಅರ್ಲೀನಳ ಮದುವೆಗೆ ಇನ್ನೊಂದೇ ವಾರ ಎನ್ನುವಾಗ ವರ್ನಿಸ್ ಮತ್ತು ಜುವೆಲ್ ಬರ್ಮಿಂಗ್‌ಹ್ಯಾಮಿನಿಂದ ಕಾರು ಹತ್ತಿ ಬಂದರು. ಹೆಸರಿಗೆ ಗೆಳತಿಯನ್ನು ನೋಡಲು, ನಿಜಕ್ಕೆ ಮದುವೆ ತಪ್ಪಿಸಲು. ಅರ್ಲೀನ್‌ಗೆ ಅದು ಗೊತ್ತಿಲ್ಲದೆ ಏನಿಲ್ಲ. ಮೂವರೂ ಟಾಂಬಿಗ್ಬಿ ನದಿಯ ದಂಡೆಯ ಕಾಲುಚೀಲದ ಮಿಲ್ಲಿನಲ್ಲಿ ಅಕ್ಕಪಕ್ಕದ ಯಂತ್ರಗಳ ಮುಂದೆ ನಿಂತೇ ಹರೆಯ ಕಳೆದವರು. ಆ ಗದ್ದಲದಲ್ಲಿ ತುಟಿ ನೋಡಿಯೇ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತು. ಅಂಥದ್ದರಲ್ಲಿ ವರ್ನಿಸ್ ತುಟಿ ಬಿಗಿದುಕೊಂಡು ಕಾರಿನಿಂದ ಇಳಿದದ್ದರ ಅರ್ಥ ಅರ್ಲೀನ್‌ಗೆ ತಿಳಿಯದೇ?

ಬ್ಯಾಗು ಕೆಳಗಿಡುವುದಕ್ಕೂ ಪುರಸೊತ್ತಿಲ್ಲ, ವರ್ನಿಸ್ ಶುರು ಮಾಡಿದಳು.

"ಅರವತ್ತು ದಾಟಿದ ಮೇಲೆ ಮದುವೆಯಂತೆ! ಅದೂ ದೋಣಿಯಲ್ಲಿ ಸೌಟು ಹಿಡಿದವನನ್ನ!"

"ಸೌಟು ಹಿಡಿದವನನ್ನೇ ಕಣೇ. ಮೊದಲನೆಯವನು ಬಾಟ್ಲಿ ಹಿಡಿದಿದ್ದ, ನೋಡಾಯ್ತಲ್ಲ," ಎಂದಳು ಅರ್ಲೀನ್. "ನಾಳೆ ಬೆಳಿಗ್ಗೆ ತಿಂಡಿ ಹೋಬರ್ಟ್‌ನದು. ಹೊಟ್ಟೆ ಖಾಲಿ ಇಟ್ಕೊಂಡು ಏಳಿ."

ಹೋಬರ್ಟ್ ನದಿಯಲ್ಲಿ ಸರಕು ತಳ್ಳುವ ದೊಡ್ಡ ದೋಣಿಗಳಲ್ಲಿ ಅಡುಗೆ ಮಾಡಿಕೊಂಡೇ ತಲೆ ನರೆಸಿಕೊಂಡವನು. ಹೆಂಡತಿ ತೀರಿಕೊಂಡ ಮೇಲೆ ದೋಣಿ ಬಿಟ್ಟು ಊರು ಸೇರಿದ್ದ. ಮಾತು ಕಡಿಮೆ, ಮೈಕಟ್ಟು ದೊಡ್ಡದು. ಶನಿವಾರ ಬೆಳಕು ಹರಿಯುವಷ್ಟರಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅರ್ಲೀನಳ ಅಡುಗೆಮನೆಯಲ್ಲಿದ್ದ. ಅವನು ಹಿಟ್ಟಿಗೆ ಹಂದಿಕೊಬ್ಬು ಬೆರೆಸಿ, ಮಜ್ಜಿಗೆ ಹೊಯ್ದು, ಬೆರಳ ತುದಿಯಲ್ಲೇ ಕಲಸಿ, ಮಡಿಸಿ ಮಡಿಸಿ ತಟ್ಟಿ, ಬನ್ನಿನಂಥ ಮೆತ್ತನೆಯ ಬಿಸ್ಕತ್ತಿಗೆಂದು ಲೋಟದ ಬಾಯಿಂದ ದುಂಡಗೆ ಕತ್ತರಿಸುವುದನ್ನು ವರ್ನಿಸ್ ಬಾಗಿಲಿಗೆ ಒರಗಿ ನಿಂತು ಪೊಲೀಸಿನವಳಂತೆ ನೋಡುತ್ತಿದ್ದಳು.

"ದೋಣಿಯ ಅಡುಗೆ ಸುಲಭ ಬಿಡಿ," ಎಂದಳು. "ತಿನ್ನೋರು ಎದ್ದು ಹೋಗೋ ಹಾಗಿಲ್ಲ. ಸುತ್ತ ನೀರು."

"ಅಡುಗೆ ಕೆಟ್ರೆ ಮೊದಲು ನೀರಿಗೆ ಬೀಳೋನು ಅಡುಗೆಯವನೇ ಅಮ್ಮಾ," ಎಂದ ಹೋಬರ್ಟ್, ತಲೆಯೆತ್ತದೆ. "ನಾನಿನ್ನೂ ಒಣಗೇ ಇದ್ದೀನಿ."

ಜುವೆಲ್ ಕಿಸಕ್ಕನೆ ನಕ್ಕಳು. ವರ್ನಿಸ್ ಅವಳನ್ನು ದುರುಗುಟ್ಟಿ ನೋಡಿದಳು. ಅದೇ ಹೊತ್ತಿಗೆ ಫ್ರಿಜ್ಜು ಒಮ್ಮೆ ಗೊರಗುಟ್ಟಿ ಸುಮ್ಮನಾಯಿತು. ದೀಪ ಆರಿತು. ಓವನ್ನಿನ ಕೆಂಪು ಕಣ್ಣೂ ಮುಚ್ಚಿತು. ರಾತ್ರಿ ಬೀಸಿದ ಗಾಳಿಗೆ ಎಲ್ಲೋ ಜೋತಾಡುತ್ತಿದ್ದ ಕೊಂಬೆ ಈಗ ತಂತಿಯ ಮೇಲೆ ಬಿದ್ದಿರಬೇಕು. ಬೀದಿಗೆ ಬೀದಿಯೇ ಕರೆಂಟಿಲ್ಲ.

"ಅಯ್ಯೋ ಪಾಪ," ಎಂದಳು ವರ್ನಿಸ್. ಆ ದನಿಯಲ್ಲಿ ಪಾಪ ಎಳ್ಳಷ್ಟೂ ಇರಲಿಲ್ಲ. "ನಡೀರಿ, ಹೆದ್ದಾರಿ ಹೋಟೆಲಿಗೆ ಹೋಗೋಣ."

ಹೋಬರ್ಟ್ ಅರ್ಲೀನಳ ಕಡೆ ನೋಡಿದ. ಅರ್ಲೀನ್ ಆಗಲೇ ಕಪಾಟಿನ ತಳದಿಂದ ಅಜ್ಜಿಯ ಕಾಲದ ಬೀಡು ಕಬ್ಬಿಣದ ಪಾತ್ರೆ ಎಳೆಯುತ್ತಿದ್ದಳು. ಮುಚ್ಚಳಕ್ಕೆ ಅಂಚಿದ್ದ, ಮೇಲೆ ಕೆಂಡ ಹೇರಬಹುದಾದ ಪಾತ್ರೆ ಅದು. ಅವನು ಹಿತ್ತಿಲ ಪೆಕಾನ್ ಮರದಡಿ ಸೌದೆ ಹೊತ್ತಿಸಿದ, ಅವಳು ಮೇಜು ಹೊರಗೆ ತಂದಳು. ಜುವೆಲ್ ರಟ್ಟಿನ ತುಂಡು ಹಿಡಿದು ಗಾಳಿ ಹಾಕಲು ಕೂತಳು. ವರ್ನಿಸ್ ಮಾತ್ರ ಕೈಕಟ್ಟಿ ನಿಂತೇ ಇದ್ದಳು.

ಹಿಟ್ಟಿನ ಬಿಲ್ಲೆ ಜೋಡಿಸಿದ ಪಾತ್ರೆಯ ಕೆಳಗೆ ಒಂದಿಷ್ಟು, ಮೇಲೆ ಅದರ ಎರಡರಷ್ಟು ಕೆಂಡ. ಪಕ್ಕದಲ್ಲಿ ಬಾಣಲೆಯಲ್ಲಿ ಹಂದಿಮಾಂಸದ ಸಾಸೇಜ್ ಚಿಟಪಟ ಎಂದಿತು. ಅದು ಬಿಟ್ಟ ಜಿಡ್ಡಿಗೇ ಹಿಟ್ಟು ಹಾಕಿ ಹುರಿದು, ಹಾಲು ಹೊಯ್ದು, ಮೆಣಸಿನ ಪುಡಿ ಧಾರಾಳವಾಗಿ ಉದುರಿಸಿ ಹೋಬರ್ಟ್ ಗಟ್ಟಿ ಗ್ರೇವಿ ಮಾಡಿದ. ಇನ್ನೊಂದು ಪಾತ್ರೆಯಲ್ಲಿ ಮುಸುಕಿನ ಜೋಳದ ನುಚ್ಚು ಕೊತಕೊತ ಕುದಿಯುತ್ತಿತ್ತು. ಘಮ ಬೇಲಿ ದಾಟಿತು. ನೆರೆಮನೆಯ ನಾಯಿ ಬೇಲಿಗೆ ಮೂಗು ಒತ್ತಿ ಅಲ್ಲೇ ಕೂತುಬಿಟ್ಟಿತು.

ಮುಚ್ಚಳ ತೆಗೆದಾಗ ಬಿಸ್ಕತ್ತುಗಳು ಮುಷ್ಟಿಯೆತ್ತರ ಉಬ್ಬಿದ್ದವು. ಆದರೆ ಗಾಳಿ ಬಡಿದ ಕಡೆಯ ನಾಲ್ಕಾರು ಕರ್ರಗಾಗಿದ್ದವು. ವರ್ನಿಸ್ ಕತ್ತು ಚಾಚಿದಳು. ಹೋಬರ್ಟ್ ಮುಚ್ಚಿಡಲು ಹೋಗಲಿಲ್ಲ. "ಈ ಕಡೆಯವು ಸೀದವು. ಇವು ನನಗೆ," ಎಂದು ತನ್ನ ತಟ್ಟೆಗೆ ಹಾಕಿಕೊಂಡು, ಹೊಂಬಣ್ಣದವನ್ನು ಅವರ ಮುಂದಿಟ್ಟ.

ಪ್ರಾರ್ಥನೆಗೆ ಎಲ್ಲರೂ ಕೈಕೈ ಹಿಡಿದರು. ವರ್ನಿಸ್ ಹೋಬರ್ಟನ ಎರಡು ಬೆರಳಿನ ತುದಿ ಮಾತ್ರ ಹಿಡಿದಳು, ಬಿಸಿ ಪಾತ್ರೆ ಹಿಡಿದವಳ ಹಾಗೆ. ಆಮೆನ್ ಎಂದ ಕೂಡಲೇ, "ನುಚ್ಚಿಗೆ ಸಕ್ಕರೆ ಬೇಕಿತ್ತು," ಎಂದಳು.

ಆ ಸೀಮೆಯಲ್ಲಿ ನುಚ್ಚಿಗೆ ಬೆಣ್ಣೆ, ಉಪ್ಪು, ಅಷ್ಟೇ. ಸಕ್ಕರೆ ಹಾಕಿದಳೆಂದು ಮಿಲ್ಲಿನ ಮೇಲ್ವಿಚಾರಕಿಯ ಜತೆ ತಿಂಗಳುಗಟ್ಟಲೆ ಮಾತು ಬಿಟ್ಟವಳು ಇದೇ ವರ್ನಿಸ್.

ಹೋಬರ್ಟ್ ಎದ್ದು ಸಕ್ಕರೆ ಡಬ್ಬಿ ತಂದಿಟ್ಟ. "ಅತಿಥಿ ಕೇಳಿದ್ದು ಕೊಡಬೇಕು, ಕೊಟ್ಟಿದ್ದೀನಿ. ಆದ್ರೆ ಆ ಕಡೆ ತಿರುಗಿ ಹಾಕ್ಕೊಳ್ಳಿ ಅಮ್ಮಾ. ನನ್ನ ಕೈಲಿ ನೋಡೋಕಾಗಲ್ಲ."

ಜುವೆಲ್‌ಗೆ ಕಾಫಿ ನೆತ್ತಿಗೇರಿತು. ಅರ್ಲೀನ್ ಮೇಜು ಬಡಿದು ನಕ್ಕಳು. ವರ್ನಿಸ್‌ಗೂ ತುಟಿಯಂಚು ಅಲುಗಿತು, ಆದರೆ ನಗು ಅರ್ಧಕ್ಕೇ ನಿಂತು ಮುಖ ಕಿವುಚಿಕೊಂಡಿತು. ಹೋಬರ್ಟ್ ಅದನ್ನು ಕಂಡವನೇ, "ಕಾಫಿ ಇನ್ನಷ್ಟು ಕಾಯಿಸ್ತೀನಿ," ಎಂದು ಬೆಂಕಿಯತ್ತ ಸರಿದುಹೋದ.

"ಅವನು ಒಳ್ಳೆಯವನೇ ಇರಬಹುದು," ಎಂದಳು ವರ್ನಿಸ್. "ನಮ್ಮ ಮಾತೇನಾಯ್ತೇ? ಮೂವರೂ ಒಂದೇ ಸೂರಿನಡಿ ಮುದುಕಿಯರಾಗೋಣ ಅಂದಿದ್ವಲ್ಲ. ನನ್ನ ಮನೇಲಿ ನಿನಗೆ ಅಂತ ಕಿಟಕಿ ಕಡೆ ಕೋಣೆಗೆ ಬಣ್ಣ ಹೊಡೆಸಿದ್ದೀನಿ."

ಇದಾ ಗುಟ್ಟು, ಎಂದುಕೊಂಡಳು ಅರ್ಲೀನ್. ಹೋಬರ್ಟನಲ್ಲಿ ಕುಂದು ಹುಡುಕಿದ್ದೆಲ್ಲ ಇದಕ್ಕೆ. ಮೊದಲ ಗಂಡ ಹೊರಹಾಕಿದ ದಿನ ಬಾಗಿಲು ತೆರೆದವಳು ವರ್ನಿಸ್; ಆ ಋಣ ಸಣ್ಣದಲ್ಲ. ಆದರೂ ಅರ್ಲೀನ್‌ಗೆ ಅಳುಕಾಗಲಿಲ್ಲ. ಗೆಳತಿಯ ತಟ್ಟೆಗೆ ಬಿಸ್ಕತ್ತು ಇಬ್ಭಾಗ ಮಾಡಿ ಹಾಕಿ, ಮೇಲೆ ಗ್ರೇವಿ ಸುರಿದಳು.

"ಕೇಳಿಲ್ಲಿ. ನಿನ್ನನ್ನ ಒಪ್ಪಿಗೆ ಕೇಳೋಕೆ ಕರೆದಿಲ್ಲ, ತಿಂಡಿಗೆ ಕರೆದಿದ್ದೀನಿ. ಮದುವೆ ಆಗ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಆ ಕೋಣೆ ಇದೆಯಲ್ಲ, ಅದನ್ನ ಬಾಡಿಗೆಗೆ ಕೊಟ್ಟೀಯ ಮತ್ತೆ! ಬೇಸಿಗೆ ಪೂರ್ತಿ ಬಂದಿರ್ತೀನಿ."

"ಅವನು?"

"ಅವನಿಗೆ ಮೀನು ಹಿಡಿಯೋದಿದೆ. ಗಂಡ ಬಂದ ಅಂತ ನಿನ್ನನ್ನ ಬಿಡೋಕೆ, ನೀನೇನು ಹಳೇ ಚಪ್ಪಲಿಯಾ?"

ವರ್ನಿಸ್ ಮೂಗು ಒರೆಸಿಕೊಂಡು ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಇನ್ನೊಂದು ತುತ್ತು. ಮೂರನೆಯದಕ್ಕೆ ಗ್ರೇವಿ ಬಳಿದಳು. ಕೊನೆಗೆ ಎದ್ದು ಬೆಂಕಿಯ ಹತ್ತಿರ ಹೋಗಿ ಹೋಬರ್ಟನ ಕೈಯಿಂದ ಇಕ್ಕಳ ಕಿತ್ತುಕೊಂಡಳು.

"ಕೆಂಡ ಎಲ್ಲಾ ಒಂದೇ ಕಡೆ ಗುಡ್ಡೆ ಹಾಕಿದ್ದೀರಿ, ಸೀಯದೆ ಇನ್ನೇನು? ಸರೀರಿ ಆ ಕಡೆ. ಹಿಟ್ಟು ಉಳಿದಿದೆಯಾ?"

"ಇದೆ ಅಮ್ಮಾ."

"ತನ್ನಿ. ಮದುವೆ ದಿನ ತಿಂಡಿ ಯಾರದು?"

"ನಾನೇ ಮಾಡೋಣ ಅಂತಿದ್ದೆ."

"ಮದುಮಗ ಹಿಟ್ಟು ಕಲಸ್ತಾನಂತೆ! ನೋಡಿದವರು ಏನಂದಾರು? ನಾವು ಮಾಡ್ತೀವಿ. ವಾರ ಪೂರ್ತಿ ಇಲ್ಲೇ ಇರ್ತೀವಿ."

"ಲೇ, ನಾನು ಒಂದೇ ಜತೆ ಬಟ್ಟೆ ತಂದಿದ್ದೀನಿ ಕಣೇ!" ಎಂದು ಜುವೆಲ್ ಮೇಜಿನಿಂದಲೇ ಕೂಗಿದಳು.

"ಅರ್ಲೀನಳದ್ದು ಹಾಕ್ಕೋ. ಬಿಗಿಯಾದ್ರೆ ತಿನ್ನೋದು ಕಡಿಮೆ ಮಾಡು."

ಜುವೆಲ್ ಕಡಿಮೆ ಮಾಡುವ ಲಕ್ಷಣ ಕಾಣಲಿಲ್ಲ. ಅರ್ಲೀನ್ ಅಂಜೂರದ ಮುರಬ್ಬದ ಹೊಸ ಭರಣಿಯ ಮುಚ್ಚಳ ತೆಗೆದು, ಎರಡನೇ ಸುತ್ತಿಗೆ ನಾಲ್ಕು ತಟ್ಟೆ ಹರಡಿದಳು.