ಮನೆ ಮಗಳ ಸಂಬಳ

ಹೊಸಬಾಳೆಯಿಂದ ಶಿಕಾರಿಪುರದವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದ ಉಜ್ಜಪ್ಪ ಟ್ರ್ಯಾಕ್ಟರ್ ಶೋರೂಮಿನೊಳಗೂ ನಿಂತೇ ಇದ್ದ. ಕುರ್ಚಿ ಖಾಲಿಯಿತ್ತು, ಕೂರು ಎಂದು ಯಾರೂ ಹೇಳಲಿಲ್ಲ. ಅಪ್ಪ ನಿಂತಿರುವಾಗ ತಾನು ಹೇಗೆ ಕೂರುವುದೆಂದು ಮಗಳು ಸುಷ್ಮಿತಾಳೂ ನಿಂತಳು. ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಅವನನ್ನು ಕರೆತಂದಿದ್ದಳು. ಕೆಲಸ ಕೇಳುವ ಹೆಣ್ಣುಮಕ್ಕಳ ಜೊತೆ ಮನೆಯ ಹಿರಿಯರು ಬರಲೇಬೇಕು ಎಂಬುದು ಮಾಲೀಕ ಸದಾಶಿವಪ್ಪನ ಕಟ್ಟಪ್ಪಣೆ.

ಬಿಕಾಂ ಅಂಕಪಟ್ಟಿ ನೋಡಿದ್ದಾಯಿತು. ಕಂಪ್ಯೂಟರಿನಲ್ಲಿ ಬಿಲ್ ಮಾಡಿಸಿದ್ದೂ ಆಯಿತು. ಒಂದು ತಪ್ಪೂ ಸಿಗಲಿಲ್ಲ.

"ಸಂಬಳ ಎಷ್ಟು ಬೇಕವ್ವಾ?"

"ಹದಿನಾಲ್ಕು ಸಾವಿರ ಸರ್. ಮೊದ್ಲು ಇಲ್ಲಿದ್ದು ಕೆಲಸ ಬಿಟ್ಟೋರಿಗೂ ಅಷ್ಟೇ ಕೊಡ್ತಿದ್ರಂತಲ್ಲ."

ಸದಾಶಿವಪ್ಪ ನಕ್ಕ. "ನೋಡಪ್ಪಾ ಉಜ್ಜಪ್ಪ, ಈಗಿನ ಹುಡುಗ್ರು! ನಮ್ಮ ಕಾಲದಾಗ ಮೊದ್ಲು ಕೆಲಸ, ಆಮ್ಯಾಲೆ ಸಂಬಳ. ಹಿರಿಯ ನೀನಿದ್ದಿ, ನೀನೇ ಹೇಳು. ಎಷ್ಟು ಕೊಡ್ಲಿ?"

ಹಳ್ಳಿಯವರ ಸಂಕೋಚವನ್ನು ಇಂಥವರು ಚೆನ್ನಾಗಿ ಬಲ್ಲರು. ಅಂಗಡಿ ಕಟ್ಟಿರುವುದೇ ಅದರ ಮೇಲೆ.

ಸುಷ್ಮಿತಾ ಅಪ್ಪನ ಮುಖ ನೋಡಿದಳು. ಆನವಟ್ಟಿ ಸಂತೆಯಲ್ಲಿ ಒಂದು ಟಗರಿಗೆ ಮಧ್ಯಾಹ್ನದವರೆಗೂ ಚೌಕಾಸಿ ಮಾಡುವ ಮನುಷ್ಯ. ಟವಲಿನ ಕೆಳಗೆ ದಲ್ಲಾಳಿಯ ಬೆರಳು ಹಿಡಿದು ಗುಟ್ಟಾಗಿ ರೇಟು ಕುದುರಿಸಲು ನಿಂತನೆಂದರೆ ನೂರು ರೂಪಾಯಿಯನ್ನೂ ಬಿಡುತ್ತಿರಲಿಲ್ಲ. ಕೇಳಪ್ಪಾ, ಬಾಯಿಬಿಟ್ಟು ಕೇಳು ಎಂದು ಅವಳ ಜೀವ ಒದ್ದಾಡಿತು.

"ಮಗಳಿಗೆ ರೇಟು ಕಟ್ಟಾಕ್ ಆಗುತ್ತೇನ್ರೀ ಸಾವ್ಕಾರ್ರೆ?" ಉಜ್ಜಪ್ಪನಿಗೆ ನಾಚಿಕೆಯಾಗಿತ್ತು. "ಅವಳೇನು ಕುರೀನಾ? ನಿಮ್ ಮನೆ ಮಗಳು ಅಂತ ತಿಳ್ಕಳ್ರಿ. ನೀವು ಕೊಟ್ಟಷ್ಟು ಕೊಡ್ರಿ."

"ಇದು ಮರ್ಯಾದಸ್ಥರ ಮಾತು! ಎಂಟು ಸಾವಿರ. ಮನೆ ಮಗಳು ಅಂದ್ಮ್ಯಾಲೆ ಹೊತ್ತುಗೊತ್ತು ನೋಡಬಾರ್ದು. ಭಾನುವಾರನೂ ಬರಬೇಕು."

ಸುಷ್ಮಿತಾಳಿಗೆ ಮೈ ಉರಿಯಿತು. "ಮನೆ ಮಗಳಾದ್ರೆ ಶೋರೂಮಲ್ಲಿ ನಂಗೂ ಪಾಲು ಬರುತ್ತಲ್ಲ ಸರ್?"

ಸದಾಶಿವಪ್ಪನ ನಗು ನಿಂತಿತು. ಅಂಕಪಟ್ಟಿಯನ್ನು ಅವಳ ಕಡೆ ತಳ್ಳಿದ.

ಉಜ್ಜಪ್ಪ ಗಾಬರಿಬಿದ್ದು ಎರಡೂ ಕೈ ಮುಗಿದ. "ತಪ್ಪಾತ್ರೀ! ಹುಡುಗು ಬುದ್ಧಿ. ಹೊಟ್ಟೆಗೆ ಹಾಕ್ಕಳ್ರಿ."

"ನಿನ್ನ ಮುಖ ನೋಡಿ ಇಟ್ಕಂತೀನಿ. ಮೂರು ತಿಂಗ್ಳು ಸಂಬಳ ಇಲ್ಲ. ಮೊದ್ಲು ನಡತೆ ಕಲೀಲಿ."

ಸುಷ್ಮಿತಾ ಬಾಯಿ ತೆರೆದಳು. ಅಪ್ಪನ ಮುಗಿದ ಕೈ ಇನ್ನೂ ಇಳಿದಿರಲಿಲ್ಲ. ಅವಳು ಅಂಕಪಟ್ಟಿಯನ್ನು ಮತ್ತೆ ಸದಾಶಿವಪ್ಪನ ಕಡೆ ಸರಿಸಿದಳು.

"ನಿಮ್ದು ದೊಡ್ಡ ಮನಸು ಸಾವ್ಕಾರ್ರೆ" ಎಂದ ಉಜ್ಜಪ್ಪ. ಮಗಳಿಗೆ ಕೆಲಸ ಸಿಕ್ಕಿತೆಂದು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.